ಕಳ್ಳಿ ಕೈ ಇಳಿಸದೆ ನಿಂತದ್ದೇಕೆ

ಲೋಕ ಆಗಿನ್ನೂ ಹೊಸದು. ಯಾರು ನಿಲ್ಲಬೇಕು, ಯಾರು ನಡೆಯಬೇಕು ಎಂಬುದು ತೀರ್ಮಾನವಾಗಿರಲಿಲ್ಲ. ಮರಗಳು ನಡೆಯುತ್ತಿದ್ದವು. ಕೂತು ಕೂತು ಬೇಸರವಾದರೆ ಗುಡ್ಡಗಳೂ ಎದ್ದು ಆಚೆ ಹೋಗಿ ಕೂರುತ್ತಿದ್ದವು. ಬೆಳಿಗ್ಗೆ ಎಡಗಡೆ ಇದ್ದ ಬಂಡೆ ಸಂಜೆಗೆ ಬಲಗಡೆ ಇದ್ದರೆ ಯಾರೂ ಬೆರಗಾಗುತ್ತಿರಲಿಲ್ಲ.

ಈಗ ದೊಡ್ಡ ಮರುಭೂಮಿ ಇರುವ ಕಡೆ ಆಗ ಹುಲ್ಲು ಇತ್ತು. ಮೊಣಕಾಲು ಮುಚ್ಚುವಷ್ಟು ಹುಲ್ಲು. ಅದರ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಆ ಹೊಳೆಯ ದಂಡೆಯಲ್ಲಿ, ಚಾಚಿಕೊಂಡ ಒಂದು ಬಂಡೆಯ ಕೆಳಗೆ, ಮಾಳವ್ವ ಎಂಬ ಹೆಂಗಸು ಇದ್ದಳು.

ಮಾಳವ್ವ ಚಿತ್ರ ಬರೆಯುವವಳು. ಹದ ಮಾಡಿದ ತೊಗಲನ್ನು ಮುಂದೆ ಹಾಸಿಕೊಂಡು, ಕೆಮ್ಮಣ್ಣು, ಸುಣ್ಣ, ಇದ್ದಿಲು ಕಲಸಿಕೊಂಡು, ತುದಿ ಜಜ್ಜಿದ ಕಡ್ಡಿಯಿಂದ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದಳು.

ಅವಳು ಬರೆಯಲು ಶುರುಮಾಡಿದ್ದು ತಾಯಿ ತೀರಿಕೊಂಡ ಮೇಲೆ. ತಾಯಿ ಹೋಗಿ ಮೂರು ಮಳೆಗಾಲ ಕಳೆದಿರಲಿಲ್ಲ. ಒಂದು ದಿನ ಗೆಣಸು ಸುಡುತ್ತ ಕೂತಿದ್ದಾಗ, ತಾಯಿಯ ಮೂಗು ಹೇಗಿತ್ತು ಎಂಬುದು ಅವಳಿಗೆ ನೆನಪಾಗಲಿಲ್ಲ. ಕಣ್ಣು ನೆನಪಿತ್ತು. ಕಿವಿಯ ಹಿಂದಿನ ಮಚ್ಚೆ ನೆನಪಿತ್ತು. ಮೂಗು ಮಾತ್ರ ಎಷ್ಟು ಯೋಚಿಸಿದರೂ ಬರಲಿಲ್ಲ. ಆವತ್ತು ಗೆಣಸು ಸೀದು ಕರಕಲಾಯಿತು. ಮಾರನೆಯ ದಿನದಿಂದ ಅವಳು ಎದುರಿಗೆ ಬಂದದ್ದನ್ನೆಲ್ಲ ಬರೆದಿಡತೊಡಗಿದಳು.

ನಡುಮಧ್ಯಾಹ್ನ ಅವಳು ಕಡ್ಡಿ ಮುಟ್ಟುತ್ತಿರಲಿಲ್ಲ. "ನೆತ್ತಿಯ ಮೇಲೆ ಬಿಸಿಲಿದ್ದಾಗ ಎಲ್ಲರೂ ಚಪ್ಪಟೆಯಾಗಿ ಕಾಣುತ್ತಾರೆ" ಎನ್ನುತ್ತಿದ್ದಳು. ಹೊತ್ತು ವಾಲಬೇಕು, ನೆರಳು ಉದ್ದವಾಗಬೇಕು, ಹುಲ್ಲಿನ ತುದಿ ಹೊನ್ನಿನ ಬಣ್ಣಕ್ಕೆ ತಿರುಗಬೇಕು. ಅಲ್ಲಿಯವರೆಗೆ ಸುಮ್ಮನೆ ಕೂತು ಕಾಯುತ್ತಿದ್ದಳು. ಬೆಳಕು ಬಂತೆಂದರೆ ಎದುರಿಗಿದ್ದವರಿಗೆ ಒಂದೇ ಮಾತು ಹೇಳುತ್ತಿದ್ದಳು: "ಸ್ವಲ್ಪ ಹೊತ್ತು ಅಲುಗಾಡಬೇಡ."

ಜಿಂಕೆಗೂ ಅದನ್ನೇ ಹೇಳುತ್ತಿದ್ದಳು. ಗುಡ್ಡಕ್ಕೂ ಅದನ್ನೇ ಹೇಳುತ್ತಿದ್ದಳು. ಜಿಂಕೆಯೂ ಗುಡ್ಡವೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವು. ಗಾಳಿಯೊಬ್ಬನೇ ಅವಳ ಮಾತು ಕೇಳುತ್ತಿರಲಿಲ್ಲ. ಸುಣ್ಣದ ಪುಡಿಯನ್ನು ಊದಿ ಚೆಲ್ಲುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮತ್ತೆ ಬರುತ್ತಿದ್ದ.

ಹೊಳೆಗೆ ಒಬ್ಬ ಸಾಕುಮಗಳಿದ್ದಳು.

ಒಂದು ಕಾಲದಲ್ಲಿ ಸಾಸಿವೆಗಿಂತ ಸಣ್ಣದೊಂದು ಕರಿಯ ಬೀಜ ದಂಡೆಯ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯಾವ ಮರದ್ದೋ, ಯಾವ ಹಕ್ಕಿ ತಂದದ್ದೋ ಗೊತ್ತಿಲ್ಲ. ಹೋಗುತ್ತ ಬರುತ್ತ ಹೊಳೆ ಅದನ್ನು ಬೆರಳ ತುದಿಯಿಂದ ಮುಟ್ಟಿ ಒದ್ದೆ ಮಾಡುತ್ತಿದ್ದಳು. ಬೀಜ ಒಡೆಯಿತು, ಮೊಳಕೆ ಬಂತು, ಮೊಳಕೆ ಹುಡುಗಿಯಾಯಿತು. ಅವಳೇ ಕಳ್ಳಿ.

ಈಗ ನೀನು ಕಂಡಿರುವ ಕಳ್ಳಿಯ ಹಾಗೆ ಅವಳು ಇರಲಿಲ್ಲ. ಎಳೆ ಸೌತೆಕಾಯಿಯಂಥ ನುಣುಪು ಮೈ. ಅಂಗೈಯಗಲದ ಎಲೆಗಳು. ಮುಳ್ಳು ಎಂಬುದು ಒಂದೂ ಇಲ್ಲ. ಮಾಳವ್ವನ ಸೊಂಟದಷ್ಟು ಎತ್ತರ. ಸದಾ ಬಾಯಾರಿಕೆ ಅವಳಿಗೆ. ಹೊಳೆ ಆ ಕಡೆ ತಿರುಗಿದಾಗ ಈ ಕಡೆಯಿಂದ ಗುಟುಕು ಗುಟುಕಾಗಿ ಕುಡಿದು, ಹೊಟ್ಟೆ ಉಬ್ಬಿಸಿಕೊಂಡು, ಏನೂ ತಿಳಿಯದವಳಂತೆ ನಿಲ್ಲುತ್ತಿದ್ದಳು.

"ಹೆಸರಿಗೆ ತಕ್ಕವಳು. ಏನು ಕದ್ದೆಯೇ ಇವತ್ತು?" ಎಂದು ಗಾಳಿ ಕೇಳುತ್ತಿದ್ದ.

"ನಮ್ಮವ್ವನ ನೀರು. ಕೇಳಿದ್ದರೂ ಕೊಡುತ್ತಿದ್ದಳು" ಎನ್ನುತ್ತಿದ್ದಳು ಕಳ್ಳಿ.

ಹೊಳೆಯ ಜೊತೆ ದಂಡೆಯುದ್ದಕ್ಕೂ ಓಡುವುದು, ಓಡಿ ಓಡಿ ಸುಸ್ತಾಗುವುದು, ಸುಸ್ತಾದ ಮೇಲೆ ನೀರಿನ ಅಂಚಿಗೆ ಬಂದು ಎರಡೂ ಕೈ ಮೇಲೆತ್ತುವುದು, ಇದು ಅವಳ ದಿನದ ಕೆಲಸ.

"ಅವ್ವಾ, ಎತ್ತಿಕೋ."

ಹೊಳೆ ದಂಡೆ ಏರಿ ಬಂದು ಅವಳನ್ನು ಎತ್ತಿಕೊಂಡು, ತೇಲಿಸಿಕೊಂಡು ಮನೆಯ ಕಡೆಗೆ ತರುತ್ತಿದ್ದಳು.

ಮಾಳವ್ವ ಹೊಳೆಯನ್ನು ಅಕ್ಕ ಎನ್ನುತ್ತಿದ್ದಳು. ಹಾಗಾಗಿ ಕಳ್ಳಿಗೆ ಮಾಳವ್ವ ಚಿಗವ್ವ, ತಾಯಿಯ ತಂಗಿ. ಮೂವರೂ ಒಂದೇ ಮನೆಯವರಂತೆ ಇದ್ದರು. ಬಹಳ ದಿನ ಇದ್ದರು.

ಒಂದು ನಸುಕಿನಲ್ಲಿ ಹೊಳೆ ಮಾಳವ್ವನನ್ನು ಮೆಲ್ಲಗೆ ಎಬ್ಬಿಸಿದಳು.

"ಮಾಳೀ, ಪಡುವಣ ಕಡೆ ನೆಲ ಕುಸಿದಿದೆ. ದೊಡ್ಡ ಇಳಿಜಾರು ಬಿದ್ದಿದೆ."

"ಕುಸಿದರೆ ಕುಸಿಯಲಿ ಬಿಡಕ್ಕ. ನಾಳೆ ಮತ್ತೆ ಏಳುತ್ತದೆ."

"ಇದು ಏಳುವುದಿಲ್ಲ. ನನ್ನ ಕಾಲು ತಾನಾಗಿ ಆ ಕಡೆಗೆ ಎಳೆಯುತ್ತಿದೆ. ಅರ್ಧ ಮೈ ಆಗಲೇ ಹೋಗಿಬಿಟ್ಟಿದೆ. ತಡೆಯೋಣ ಅಂದರೆ ಹಿಡಿದುಕೊಳ್ಳುವುದಕ್ಕೆ ನನಗೆ ಏನಿದೆ ಹೇಳು?"

ಮಾಳವ್ವ ಎದ್ದು ಕೂತು ನೋಡಿದಳು. ದಂಡೆಯ ಕಲ್ಲುಗಳು ಒಂದೊಂದಾಗಿ ನೀರಿನಿಂದ ಹೊರಗೆ ಬರುತ್ತಿದ್ದವು. ಕಳ್ಳಿ ಕೆಸರಿನಲ್ಲಿ ಕಾಲು ಮಡಚಿಕೊಂಡು ಮಲಗಿದ್ದಳು.

"ಎಬ್ಬಿಸಲೇ?" ಎಂದಳು ಮಾಳವ್ವ.

"ಬೇಡ. ಎದ್ದರೆ ಕೈ ಎತ್ತುತ್ತಾಳೆ. ನನಗೆ ಎತ್ತಿಕೊಳ್ಳುವುದಕ್ಕೂ ಆಗುವುದಿಲ್ಲ, ಬಿಟ್ಟು ಹೋಗುವುದಕ್ಕೂ ಆಗುವುದಿಲ್ಲ. ನೀನು ನೋಡಿಕೋ ಅವಳನ್ನು."

ಮಾಳವ್ವ ಎಬ್ಬಿಸಲಿಲ್ಲ. ಹೊಳೆ ಮಗಳ ಕಾಲನ್ನು ಒಮ್ಮೆ ಮುಟ್ಟಿ, ಹರಿದು ಹೋದಳು. ಎಬ್ಬಿಸಬೇಕಿತ್ತೋ ಏನೋ ಎಂಬ ಯೋಚನೆ ಮಾಳವ್ವನಿಗೆ ಅಂದೇ ಹತ್ತಿಕೊಂಡಿತು. ಸಾಯುವವರೆಗೂ ಅದು ಅವಳನ್ನು ಬಿಡಲಿಲ್ಲ.

ಬೆಳಗಾದ ಮೇಲೆ ಕಳ್ಳಿ ಎದ್ದಳು. ಹೊಳೆಯ ಜಾಗದಲ್ಲಿ ಒದ್ದೆ ಮರಳು ಇತ್ತು, ಕೆಲವು ಮೀನು ಒದ್ದಾಡುತ್ತಿದ್ದವು. ಕಳ್ಳಿ ಮೊದಲು ನಕ್ಕಳು. ಅವ್ವ ಬಚ್ಚಿಟ್ಟುಕೊಂಡಿದ್ದಾಳೆ ಅಂದುಕೊಂಡಳು. ಬಂಡೆಯ ಹಿಂದೆ ಹುಡುಕಿದಳು, ಜೊಂಡಿನಲ್ಲಿ ಹುಡುಕಿದಳು. ಆಮೇಲೆ ಬರಿದಾದ ಹೊಳೆಪಾತ್ರದ ನಡುವೆ ನಿಂತು ಎರಡೂ ಕೈ ಮೇಲೆತ್ತಿದಳು.

"ಅವ್ವಾ, ಎತ್ತಿಕೋ."

ಯಾರೂ ಬರಲಿಲ್ಲ. ಮಾಳವ್ವ ಬಂದು ಎತ್ತಿಕೊಳ್ಳಲು ನೋಡಿದಳು. ನೀರು ಕುಡಿದು ಕುಡಿದು ಕಳ್ಳಿ ಭಾರವಾಗಿದ್ದಳು, ಮನುಷ್ಯರ ಕೈಗೆ ಎತ್ತಲು ಬರುತ್ತಿರಲಿಲ್ಲ.

ಮೂರು ದಿನ ಕಳ್ಳಿ ಕೈ ಎತ್ತಿಕೊಂಡು ಕರೆದಳು. ಮೂರು ದಿನ ಮಾಳವ್ವ ಪಕ್ಕದಲ್ಲಿ ಕೂತಳು. ನಾಲ್ಕನೆಯ ದಿನ ಇಬ್ಬರೂ ಒಣಗಿದ ಪಾತ್ರ ಹಿಡಿದು ಹೊರಟರು. ಮಧ್ಯಾಹ್ನದ ಹೊತ್ತಿಗೆ ಮರಳು ಕೆಂಡವಾಯಿತು. ಕಳ್ಳಿಯ ಎಳೆಯ ಪಾದ ಬೊಬ್ಬೆ ಎದ್ದು, ನಡೆದ ದಾರಿಯುದ್ದಕ್ಕೂ ಅವಳ ಮೈಯ ನೀರು ಹನಿ ಹನಿಯಾಗಿ ಸುರಿಯಿತು. ಇನ್ನೊಂದು ದಿನ ನಡೆದರೆ ಹುಡುಗಿ ಉಳಿಯುವುದಿಲ್ಲ ಎಂಬುದು ಮಾಳವ್ವನಿಗೆ ಗೊತ್ತಾಯಿತು. ಹಿಂದಕ್ಕೆ ಕರೆದುಕೊಂಡು ಬಂದಳು.

"ನಾನೊಬ್ಬಳೇ ಹೋಗುತ್ತೇನೆ. ನಿನ್ನ ಚಿತ್ರ ಬರೆದುಕೊಂಡು ಹೋಗಿ ನಿಮ್ಮವ್ವನಿಗೆ ತೋರಿಸುತ್ತೇನೆ. ನೋಡಿದರೆ ಅವಳು ಸುಮ್ಮನಿರುವುದಿಲ್ಲ."

"ಬರುತ್ತಾಳಾ, ಚಿಗವ್ವ?"

ಮಾಳವ್ವನಿಗೆ ಗೊತ್ತಿರಲಿಲ್ಲ. ಆದರೂ "ಬರುತ್ತಾಳೆ" ಅಂದಳು.

ಆ ಸಂಜೆ ಒಳ್ಳೆಯ ಬೆಳಕು ಬಂತು. ಕಳ್ಳಿ ಪಾತ್ರದ ನಡುವೆ ನಿಂತು ಕೈ ಎತ್ತಿದಳು. "ಹಿಂಗಿದ್ದರೆ ಅವ್ವನಿಗೆ ಗುರುತು ಸಿಗುತ್ತದೆ" ಎಂದಳು. ಮಾಳವ್ವ ಬರೆದಳು. ಅಂಗೈಯಗಲದ ಎಲೆಗಳನ್ನು ಬರೆದಳು, ಅತ್ತು ಊದಿದ ಮುಖವನ್ನು ಬರೆದಳು, ಎತ್ತಿದ ಎರಡು ಕೈಗಳನ್ನು ಬರೆದಳು. ಗಾಳಿಯೂ ಆವತ್ತು ದೂರ ನಿಂತಿದ್ದ.

ತೊಗಲನ್ನು ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಡುವಾಗ ಮಾಳವ್ವ ತಿರುಗಿ ಹೇಳಿದಳು: "ನಾನು ಬರುವ ತನಕ ಇಲ್ಲೇ ಇರು, ಕೂಸೇ. ಅಲುಗಾಡಬೇಡ."

ಎಲ್ಲಿಯೂ ಅಲೆಯಲು ಹೋಗಬೇಡ, ದಾರಿ ತಪ್ಪಿಸಿಕೊಳ್ಳಬೇಡ, ಎಂದು ಅವಳ ಮನಸ್ಸಿನಲ್ಲಿತ್ತು. ಬಾಯಿಗೆ ಬಂದದ್ದು ಅವಳು ಎಲ್ಲರಿಗೂ ಹೇಳುವ ಮಾತು.

"ಆಯ್ತು, ಚಿಗವ್ವ" ಎಂದಳು ಕಳ್ಳಿ. ಕೈ ಇಳಿಸಲಿಲ್ಲ.

ಮಾಳವ್ವ ನಡೆದಳು.

ಒಂದು ತಿಂಗಳ ದಾರಿ ಅಂದುಕೊಂಡಿದ್ದಳು. ಲೋಕ ಹೊಸದಾಗಿದ್ದ ಕಾಲ ಅದು ಎಂದೆನಲ್ಲ. ಹೊಳೆ ಹೋದ ಪಾತ್ರದ ಮೇಲೆ ಗುಡ್ಡಗಳು ಬಂದು ಕೂತುಬಿಟ್ಟಿದ್ದವು. ಮಾಳವ್ವ ಗುಡ್ಡದ ಬುಡದಲ್ಲಿ ಕೂತು ಕೇಳುತ್ತಿದ್ದಳು: "ನಿನ್ನ ಕೆಳಗೆ ಹೊಳೆಯ ದಾರಿ ಇದೆ. ಸ್ವಲ್ಪ ಸರಿಯುತ್ತೀಯಾ?" ಕೆಲವು ಗುಡ್ಡ ಸರಿಯುತ್ತಿದ್ದವು. ಕೆಲವು ನಿದ್ದೆಯಲ್ಲಿರುತ್ತಿದ್ದವು, ಗುಡ್ಡದ ನಿದ್ದೆ ಎಂದರೆ ಒಂದು ವರ್ಷ. ಅವಳು ಸುತ್ತು ಹಾಕಿ ಹೋಗುತ್ತಿದ್ದಳು, ದಾರಿ ತಪ್ಪುತ್ತಿದ್ದಳು, ಮತ್ತೆ ಹುಡುಕುತ್ತಿದ್ದಳು. ಉಪ್ಪಿನ ಬಯಲು ದಾಟಿದಳು. ಕಾಲಿನ ಉಗುರು ಉದುರಿ ಹೊಸ ಉಗುರು ಬಂತು. ಮಳೆ ಬಂದರೆ ತಾನು ನೆನೆದು ತೊಗಲನ್ನು ಹೊಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಎಷ್ಟು ವರ್ಷವಾಯಿತು ಎಂದು ಅವಳು ಲೆಕ್ಕ ಇಡಲಿಲ್ಲ. ಹೊರಟಾಗ ಕಪ್ಪಗಿದ್ದ ತಲೆ ಬೆಳ್ಳಗಾಗುತ್ತ ಬಂದಿತ್ತು.

ಕೊನೆಗೆ ಕಡಲು ಸಿಕ್ಕಿತು.

"ನಮ್ಮ ಹೊಳೆ ಇಲ್ಲಿಗೆ ಬಂದಿದ್ದಾಳಾ?" ಎಂದು ಮಾಳವ್ವ ಕೇಳಿದಳು.

"ಯಾವ ಹೊಳೆ? ಇಲ್ಲಿಗೆ ಬಂದವರೆಲ್ಲ ಹೆಸರು ಕಳಚಿ ಇಡುತ್ತಾರೆ. ನನಗೆ ಗುರುತು ಸಿಗುವುದಿಲ್ಲ, ತಾಯಿ" ಎಂದಿತು ಕಡಲು.

ಮಾಳವ್ವ ಮರಳಿನ ಮೇಲೆ ತೊಗಲು ಬಿಚ್ಚಿ, ಚಿತ್ರ ನೀರಿನ ಕಡೆಗೆ ಮುಖಮಾಡುವಂತೆ ಹಿಡಿದು ನಿಂತಳು. ಅಲೆಗಳು ಬಂದು ನೋಡಿ ಹೋದವು. ಮಾರನೆಯ ದಿನ ಹಿಡಿದಳು, ಅದರ ಮಾರನೆಯ ದಿನವೂ ಹಿಡಿದಳು. ಹೀಗೆ ಎಷ್ಟೋ ದಿನವಾದ ಮೇಲೆ ಒಂದು ಸಂಜೆ ಸಣ್ಣದೊಂದು ಅಲೆ ಬಂದು ಹಿಂದಕ್ಕೆ ಹೋಗದೆ ನಿಂತಿತು. ಮಾಳವ್ವ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಅಷ್ಟಗಲ ನೀರು ಸಿಹಿಯಾಗಿತ್ತು.

"ಅಕ್ಕಾ."

"ಇನ್ನೂ ಕೈ ಎತ್ತಿಕೊಂಡೇ ಇದ್ದಾಳಾ?" ಎಂದಳು ಹೊಳೆ.

"ನಾನು ಬರುವಾಗ ಹಾಗೇ ಇದ್ದಳು."

ಹೊಳೆ ಮಗಳ ಮುಖ ಮುಟ್ಟಲು ಬಂದಳು. ಮಾಳವ್ವ ಎಳೆದುಕೊಳ್ಳುವಷ್ಟರಲ್ಲಿ ಚಿತ್ರದ ಮೇಲೆ ನೀರು ಹರಿಯಿತು. ಮುಖದ ಬಣ್ಣ ಕರಗಿ ಇಳಿಯಿತು. ಎಲೆಗಳ ಬಣ್ಣ ಇಳಿಯಿತು. ಇದ್ದಿಲಿನಲ್ಲಿ ಬರೆದ ಎರಡು ಕೈಗಳಷ್ಟೇ ತೊಗಲಿನ ಮೇಲೆ ಉಳಿದವು.

"ನನಗೆ ಏರು ಹತ್ತುವುದಕ್ಕೆ ಬರುವುದಿಲ್ಲ, ಮಾಳೀ. ಇಳಿಯುವುದೊಂದೇ ನಾನು ಕಲಿತದ್ದು."

"ಹಾಗಂತ ಹೋಗಿ ಹೇಳಲೇ ಅವಳಿಗೆ?"

ಹೊಳೆ ಮುಳುಗುತ್ತಿದ್ದ ಸೂರ್ಯನ ಕಡೆ ತಿರುಗಿದಳು. ಸೂರ್ಯನನ್ನು ಕಂಡರೆ ಅವಳಿಗೆ ಎಂದೂ ಆಗುತ್ತಿರಲಿಲ್ಲ. ಇಡೀ ಬಾಳು ಅವನ ಕಣ್ಣು ತಪ್ಪಿಸಿ, ಮರದ ನೆರಳಿನಲ್ಲಿ ಹರಿದವಳು.

"ಸೂರ್ಯಪ್ಪಾ, ನನ್ನನ್ನು ಎತ್ತಿಕೊಂಡು ಹೋಗಿ ನನ್ನ ಮಗಳ ಹತ್ತಿರ ಬಿಡುತ್ತೀಯಾ?"

"ಎತ್ತಬಲ್ಲೆ. ಆದರೆ ಎತ್ತಿದರೆ ನೀನು ಹೊಳೆಯಾಗಿ ಉಳಿಯುವುದಿಲ್ಲ. ಹಬೆಯಾಗುತ್ತೀಯೆ. ಮೈಯಿಲ್ಲ, ದಂಡೆಯಿಲ್ಲ. ಅಷ್ಟು ದೂರಕ್ಕೆ ಪೂರ್ತಿ ಒಯ್ಯುವುದು ನನ್ನ ಕೈಯಲ್ಲೂ ಆಗುವುದಿಲ್ಲ. ವರ್ಷಕ್ಕೆ ಒಂದು ಸಲ, ಒಂದು ಬೊಗಸೆ. ಅದೂ ಗಾಳಿ ಒಪ್ಪಿ ಹೊತ್ತುಕೊಂಡರೆ."

"ಒಂದು ಬೊಗಸೆಯಾದರೂ ಸರಿ" ಎಂದಳು ಹೊಳೆ. ಆಮೇಲೆ ಮಾಳವ್ವನಿಗೆ, "ನೀನು ತಲುಪಿದೆ ಅಂತ ಗಾಳಿ ಬಂದು ಹೇಳಿದ ಮೇಲೆ ಹೊರಡುತ್ತೇನೆ. ಬಂದಾಗ ಒಂದೇ ಗುಟುಕಿಗೆ ಎಲ್ಲ ಕುಡಿದುಬಿಡು ಅಂತ ಹೇಳು. ನನಗೆ ನಿಲ್ಲುವುದಕ್ಕೆ ಆಗುವುದಿಲ್ಲ. ಕುಡಿದದ್ದನ್ನು ವರ್ಷವೆಲ್ಲ ಇಟ್ಟುಕೊಳ್ಳಲಿ" ಎಂದಳು.

ಮಾಳವ್ವ ಹಿಂದಿರುಗಿದಳು. ಹಿಂದಿರುಗುವ ದಾರಿ ಹೋಗುವ ದಾರಿಗಿಂತ ಕಷ್ಟವಾಯಿತು. ಕಣ್ಣು ಮಂಜಾಗಿತ್ತು. ಹೋಗುವಾಗ ಗುರುತು ಇಟ್ಟುಕೊಂಡ ಬಂಡೆ ಈಗ ಅಲ್ಲಿರಲಿಲ್ಲ. ಗುರುತು ಇಟ್ಟುಕೊಂಡ ಮರ ಎಲ್ಲಿಗೋ ನಡೆದುಹೋಗಿತ್ತು. ತಾನು ವರ್ಷಗಟ್ಟಲೆ ಚಿತ್ರ ಬರೆದ ಗುಡ್ಡಗಳಲ್ಲಿ ಒಂದೂ ತನ್ನ ಜಾಗದಲ್ಲಿರಲಿಲ್ಲ. ಹುಲ್ಲು ಸತ್ತು ಮಣ್ಣಾಗಿತ್ತು, ಮಣ್ಣು ಮರಳಾಗಿತ್ತು. ಯಾವ ಕಡೆ ನೋಡಿದರೂ ಒಂದೇ ಸಮನೆ ಕೆಂಪು.

ಒಂದು ಸಂಜೆ, ಇನ್ನು ಸಿಗಲಾರದು ಎಂದು ಅವಳು ಮರಳಿನ ಮೇಲೆ ಕೂತಿದ್ದಾಗ, ದೂರದಲ್ಲಿ ಏನೋ ನೆಟ್ಟಗೆ ನಿಂತದ್ದು ಕಂಡಿತು. ಹತ್ತಿರ ಹೋದಳು. ಏಳು ಆಳೆತ್ತರದ ಹಸಿರು ಕಂಬ. ಅದಕ್ಕೆ ಎರಡು ದಪ್ಪ ತೋಳುಗಳು, ಎರಡೂ ಆಕಾಶದ ಕಡೆಗೆ. ಮೈತುಂಬ ಬೆರಳುದ್ದದ ಮುಳ್ಳು. ಉದ್ದಕ್ಕೂ ನೆರಿಗೆ ನೆರಿಗೆಯಾಗಿ ಒಣಗಿದ ಚರ್ಮ. ಎದೆಯ ಹತ್ತಿರ ಒಂದು ತೂತು, ತೂತಿನೊಳಗೆ ಮರಕುಟಿಗದ ಸಂಸಾರ.

ಮಾಳವ್ವ ಹುಡುಕುತ್ತಿದ್ದದ್ದು ಸೊಂಟದೆತ್ತರದ ಹುಡುಗಿಯನ್ನು. ಅವಳು ಆ ಕಂಬವನ್ನು ದಾಟಿ ಹೋಗತೊಡಗಿದಳು.

"ಚಿಗವ್ವ" ಎಂದಿತು ಮೇಲಿನಿಂದ ಒಂದು ಧ್ವನಿ.

ಮಾಳವ್ವ ತಿರುಗಿ ತಲೆಯೆತ್ತಿ ನೋಡಿದಳು.

ನಡೆದದ್ದನ್ನು ಗಾಳಿ ಹೇಳಿದ. ಕಳ್ಳಿ ಹೇಳಲಿಲ್ಲ.

"ಮೊದಲನೆಯ ವರ್ಷ ಜಿಂಕೆಗಳು ಬಂದು ಎಲೆ ತಿಂದವು. ಓಡಿಸು ಅಂದೆ. ಅಲುಗಾಡಬಾರದು, ಚಿಗವ್ವ ಹೇಳಿದ್ದಾಳೆ ಅಂದಳು. ಉಳಿದ ಎಲೆಗಳನ್ನಾದರೂ ಮುದುರಿಕೋ ಅಂದೆ. ಮುದುರಿದಳು, ಮುದುರಿ ಮುದುರಿ ಅವು ಸೂಜಿಯ ಹಾಗಾದವು. ಮರಕುಟಿಗ ಬಂದು ಎದೆ ಕೊರೆಯಿತು. ಕೊಡವಿ ಬೀಳಿಸು ಅಂದೆ. ಅಲುಗಾಡಬಾರದು ಅಂದಳು. ಕೈಯನ್ನಾದರೂ ಸ್ವಲ್ಪ ಇಳಿಸು, ಯಾರೂ ನೋಡುತ್ತಿಲ್ಲ ಅಂದೆ. ಅದಕ್ಕೆ ಮಾತೇ ಆಡಲಿಲ್ಲ. ಕಾಲು ಬೇರುಬಿಟ್ಟು ಹಾಗೇ ಬೆಳೆಯುತ್ತ ಹೋದಳು. ಎಷ್ಟು ಸಲ ಹೇಳಿದೆ ಗೊತ್ತಾ ನಾನು?"

ಗಾಳಿ ಅಷ್ಟು ಹೊತ್ತು ಒಂದೇ ಕಡೆ ನಿಂತು ಮಾತಾಡಿದ್ದು ಅದೇ ಮೊದಲು.

ಮಾಳವ್ವ ಕಳ್ಳಿಯ ಬುಡದಲ್ಲಿ ಕೂತಳು. ಕಡಲು ಹೇಳಿದ್ದನ್ನು ಹೇಳಿದಳು, ಹೊಳೆ ಹೇಳಿದ್ದನ್ನು ಹೇಳಿದಳು. ಯಾವುದನ್ನೂ ಬಚ್ಚಿಡಲಿಲ್ಲ. ಆವತ್ತು ನಸುಕಿನಲ್ಲಿ ತಾನು ಎಚ್ಚರವಿದ್ದೆ, ಬೇಕೆಂದೇ ಎಬ್ಬಿಸಲಿಲ್ಲ ಎಂಬುದನ್ನೂ ಹೇಳಿದಳು.

"ನಿಮ್ಮವ್ವ ಮೊದಲಿನ ಹಾಗೆ ಬರುವುದಿಲ್ಲ, ಮಗಳೇ. ಬರುತ್ತಾಳೆ ಅಂತ ಗೊತ್ತಿಲ್ಲದೆ ಹೇಳಿಬಿಟ್ಟೆ."

"ನನಗೆ ಗೊತ್ತಿತ್ತು" ಎಂದಳು ಕಳ್ಳಿ.

"ಯಾವಾಗಿಂದ?"

"ಮೂರನೆಯ ಬೇಸಿಗೆಯಿಂದ. ಹದ್ದು ಬಂದು ಕೂತಿತ್ತು. ಕಡಲು ನೋಡಿ ಬಂದದ್ದು. ಇಳಿದು ಹೋದ ಹೊಳೆ ಏರಿ ಬರುವುದಿಲ್ಲ ಅಂತ ಅದೇ ಹೇಳಿತು."

"ಗೊತ್ತಿದ್ದೂ ಯಾಕೆ ಹೀಗೆ ನಿಂತೆ? ನಡೆದು ಹೋಗಬಹುದಿತ್ತು. ನೆರಳಿರುವ ಕಡೆ, ನೀರಿರುವ ಕಡೆ ಹೋಗಿ ಸುಖವಾಗಿರಬಹುದಿತ್ತು."

ಕಳ್ಳಿ ಸುತ್ತಲಿನ ಮರಳಿನ ಕಡೆ ನೋಡಿದಳು.

"ಇಲ್ಲಿ ಎಲ್ಲವೂ ಹೊರಟುಹೋದವು, ಚಿಗವ್ವ. ಬಂಡೆ ಹೋಯಿತು. ಗುಡ್ಡ ಹೋಯಿತು. ನಾನೂ ಹೋಗಿದ್ದರೆ ನಿನಗೆ ಜಾಗ ಹೇಗೆ ಗೊತ್ತಾಗುತ್ತಿತ್ತು? ನಿನ್ನ ಹತ್ತಿರ ನನ್ನ ಕೈ ಎತ್ತಿದ ಚಿತ್ರ ಇತ್ತು. ಕೈ ಇಳಿಸಿದ್ದರೆ ನನ್ನ ಗುರುತು ಹೇಗೆ ಸಿಗುತ್ತಿತ್ತು?"

ಮಾಳವ್ವ ಎದ್ದು ಅವಳನ್ನು ತಬ್ಬಿಕೊಂಡಳು.

"ದೂರ ನಿಲ್ಲು ಚಿಗವ್ವ, ಚುಚ್ಚುತ್ತದೆ."

"ಚುಚ್ಚಲಿ."

ಕತ್ತಲಾಗುವವರೆಗೂ ಅವಳು ಬಿಡಲಿಲ್ಲ. ಕೈಯಲ್ಲೂ ಕೆನ್ನೆಯಲ್ಲೂ ರಕ್ತ ಒಸರಿತು.

ಬೆಳಿಗ್ಗೆ ಎದ್ದು ಮಾಳವ್ವ ಹೇಳಿದಳು: "ನಾನು ಬಂದೆನಲ್ಲ. ಇನ್ನು ಕೈ ಇಳಿಸು, ಕೂಸೇ. ಸಾಕು."

ಕಳ್ಳಿ ಇಳಿಸಲು ನೋಡಿದಳು. ಒಳಗೆ ಎಲ್ಲೋ ಕಟಕಟ ಎಂದಿತು. ಇಷ್ಟು ವರ್ಷದಲ್ಲಿ ತೋಳಿನೊಳಗೆ ಎಲುಬು ಬಲಿತು ಗಟ್ಟಿಯಾಗಿತ್ತು. ಇನ್ನೊಮ್ಮೆ ನೋಡಿದಳು. ಮಾಳವ್ವ ಮುಖ ತಿರುಗಿಸಿಕೊಂಡಳು.

"ಆಗುತ್ತಿಲ್ಲ ಚಿಗವ್ವ. ಬಿಡು, ನೋವೇನೂ ಇಲ್ಲ" ಎಂದಳು ಕಳ್ಳಿ. ಮಾಳವ್ವನ ಸಮಾಧಾನಕ್ಕೆ ಹೇಳಿದಳೋ, ನಿಜವಾಗಿಯೂ ನೋವಿರಲಿಲ್ಲವೋ, ಅದು ಅವಳಿಗೇ ಗೊತ್ತು.

ಅದಾಗಿ ಹದಿನೆಂಟನೆಯ ದಿನ ಪಡುವಣದಲ್ಲಿ ಕಪ್ಪು ಕಟ್ಟಿತು. ಗಾಳಿ ಏದುಸಿರು ಬಿಡುತ್ತ ಬಂದ. ಬೆನ್ನ ಮೇಲೆ ಮೋಡ ಹೊತ್ತಿದ್ದ.

"ಬಾಯಿ ತೆರೆಯೇ ಬೇಗ. ಬಹಳ ಹೊತ್ತು ಹೊರುವುದಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ."

ದಪ್ಪ ದಪ್ಪ ಹನಿ ಬಿದ್ದವು. ಆಮೇಲೆ ಧಾರೆಯಾಗಿ ಸುರಿಯಿತು. ಮರಳು ಅದನ್ನು ನುಂಗುವ ಮೊದಲೇ ಕಳ್ಳಿ ಬೇರು ಚಾಚಿ ಚಾಚಿ ಕುಡಿದಳು. ಒಣಗಿ ಅಂಟಿಕೊಂಡಿದ್ದ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೈ ತುಂಬಿ ಬಂತು. ಮಳೆನೀರು ಅವಳ ಎತ್ತಿದ ಕೈಗಳ ಮೇಲೆ ಇಳಿದು, ತೋಳಿನ ಗುಂಟ ಜಾರಿ, ಬುಡದ ತನಕ ಬಂತು. ಅನ್ನ ಬೇಯುವಷ್ಟು ಹೊತ್ತು ಇದ್ದಿರಬೇಕು, ಅಷ್ಟೇ. ನಿಂತುಹೋಯಿತು.

"ಅವ್ವ ಬಂದಿದ್ದಳು" ಎಂದಳು ಕಳ್ಳಿ. "ಮುಟ್ಟಿದಳು. ಎತ್ತಿಕೊಳ್ಳಲು ನೋಡಿದಳು. ಅವಳಿಗೆ ಆಗಲಿಲ್ಲ."

ಮಾಳವ್ವ ತಲೆಯಾಡಿಸಿದಳು. ಕೆಲವು ದಿನಗಳಲ್ಲಿ ಕಳ್ಳಿಯ ನೆತ್ತಿಯ ಮೇಲೂ ಎರಡು ಕೈಗಳ ತುದಿಯಲ್ಲೂ ಬೆಳ್ಳಗಿನ ಹೂ ಬಿಟ್ಟವು. ಕೆಳಗಿದ್ದ ಮುದುಕಿಗೆ ಕಣ್ಣು ಮಂಜು, ಹೂ ಏಳಾಳು ಎತ್ತರದಲ್ಲಿ. ಅವಳಿಗೆ ಅಲ್ಲೇನೋ ಬಿಳುಪು ಎಂದಷ್ಟೇ ಕಂಡಿತು. ಒಂದೊಂದು ಹೂ ಒಂದೊಂದು ದಿನ ಇದ್ದು ಬಾಡಿತು.

ಆಮೇಲೆ ಮಾಳವ್ವ ಬೇರೆಲ್ಲಿಗೂ ಹೋಗಲಿಲ್ಲ. ಕಳ್ಳಿಯ ನೆರಳಿನಲ್ಲೇ ಇದ್ದಳು. ಅದೇನು ದೊಡ್ಡ ನೆರಳಲ್ಲ, ಒಬ್ಬರು ಮುದುರಿಕೊಂಡು ಕೂರುವಷ್ಟು. ನೆರಳು ಸರಿದ ಹಾಗೆ ತಾನೂ ಸರಿಯುತ್ತ ದಿನವಿಡೀ ಕಾಯುತ್ತಿದ್ದಳು. ಹೊತ್ತು ವಾಲಿದ ಮೇಲೆ ದೂರ ಹೋಗಿ ಕೂತು, ಕಳ್ಳಿ ಈಗ ಹೇಗಿದ್ದಾಳೋ ಹಾಗೆ ಬರೆಯುತ್ತಿದ್ದಳು. ಮುಳ್ಳನ್ನು ಬರೆದಳು, ನೆರಿಗೆಯನ್ನು ಬರೆದಳು, ಎದೆಯ ತೂತನ್ನೂ ಅದರಿಂದ ಇಣುಕುವ ಮರಿಯನ್ನೂ ಬರೆದಳು. ಬರೆಯುವಾಗ ಅಲುಗಾಡಬೇಡ ಎಂದು ಮಾತ್ರ ಅವಳು ಎಂದೂ ಹೇಳುತ್ತಿರಲಿಲ್ಲ.

"ಚೆನ್ನಾಗಿ ಬಂತಾ, ಚಿಗವ್ವ?" ಎಂದು ಕಳ್ಳಿ ಕೇಳುತ್ತಿದ್ದಳು.

"ನಾಳೆ ಇನ್ನೂ ಚೆನ್ನಾಗಿ ಬರೆಯುತ್ತೇನೆ" ಎನ್ನುತ್ತಿದ್ದಳು ಮಾಳವ್ವ.

ಒಂದು ಸಂಜೆ ಬೆಳಕು ಬಹಳ ಚೆನ್ನಾಗಿತ್ತು. ಮಾಳವ್ವ ಒಂದು ತೋಳು ಬರೆದಳು. ಇನ್ನೊಂದು ತೋಳನ್ನು ಅರ್ಧ ಬರೆದಳು. ಕಡ್ಡಿ ಕೈಯಿಂದ ಜಾರಿತು. ಅವಳು ತೊಗಲಿನ ಮೇಲೆ ಮೆಲ್ಲಗೆ ವಾಲಿಕೊಂಡಳು.

"ಚಿಗವ್ವ" ಎಂದು ಕಳ್ಳಿ ಕರೆದಳು.

ಇನ್ನೊಂದು ಸಲ ಕರೆದಳು.

ಬಗ್ಗಿ ಎತ್ತಿಕೊಳ್ಳೋಣ ಎಂದರೆ ಅವಳ ಮೈ ಬಗ್ಗುತ್ತಿರಲಿಲ್ಲ. ಕೈ ಚಾಚಿ ಮುಟ್ಟೋಣ ಎಂದರೆ ಕೈ ಇಳಿಯುತ್ತಿರಲಿಲ್ಲ. ಅವಳು ಎರಡೂ ಕೈ ಎತ್ತಿಕೊಂಡು, ಕೆಳಗೆ ನೋಡುತ್ತ, ನಿಂತೇ ಇದ್ದಳು. ಗಾಳಿ ಬಂದು, ಸದ್ದು ಮಾಡದೆ, ಹಿಡಿ ಹಿಡಿಯಾಗಿ ಮರಳು ತಂದು ಮುದುಕಿಗೆ ಹೊದಿಸಿದ. ಆ ಬೊಗಸೆಯಷ್ಟು ಮಳೆಯನ್ನು ಅವನು ಈಗಲೂ ವರ್ಷಕ್ಕೊಮ್ಮೆ ಹೊತ್ತು ತರುತ್ತಾನೆ. ಎಷ್ಟೇ ಸುಸ್ತಾದರೂ ತಪ್ಪಿಸುವುದಿಲ್ಲ.

ಕಳ್ಳಿಯ ಹೂವಿನಿಂದ ಹಣ್ಣಾಯಿತು, ಹಣ್ಣಿನಿಂದ ಕರಿಯ ಬೀಜ ಉದುರಿದವು. ಹುಟ್ಟಿದ ಮಕ್ಕಳು ತಾಯಿಯನ್ನು ನೋಡಿ ಕೈ ಎತ್ತುವುದನ್ನು ಕಲಿತರು, ನಿಂತಲ್ಲೇ ನಿಲ್ಲುವುದನ್ನು ಕಲಿತರು. ಅವರನ್ನು ನೋಡಿ ಉಳಿದ ಮರಗಳೂ ನಡೆಯುವುದನ್ನು ಬಿಟ್ಟವು. ಗುಡ್ಡಗಳೂ ಕೂತಲ್ಲೇ ಕೂತವು. ಲೋಕ ಹಳೆಯದಾಯಿತು.

ಮಾಳವ್ವನ ಕಸುಬು ನಿಲ್ಲಲಿಲ್ಲ. ಈಗ ಕೆಮ್ಮಣ್ಣು, ಇದ್ದಿಲಿನ ಬದಲು ಕ್ಯಾಮೆರಾ ಬಂದಿದೆ. ಅದನ್ನು ಹೆಗಲಿಗೆ ಹಾಕಿಕೊಂಡು, ಮೂರು ಕಾಲಿನ ಸ್ಟ್ಯಾಂಡನ್ನು ಬೆನ್ನಿಗೆ ಕಟ್ಟಿಕೊಂಡು, ಎಲ್ಲೆಲ್ಲಿಂದಲೋ ಜನ ಆ ಮರುಭೂಮಿಗೆ ಬರುತ್ತಾರೆ. ಅಲ್ಲಿ ಅವರಿಗೆ ನೆಂಟರಿಲ್ಲ, ಊಟವಿಲ್ಲ, ಕೂರಲು ನೆರಳಿಲ್ಲ. ಆದರೂ ಒಂದು ಕಳ್ಳಿಯ ಎದುರು ಮಧ್ಯಾಹ್ನದಿಂದ ಕೂತು ಕಾಯುತ್ತಾರೆ. ಯಾಕೆ ಎಂದು ಕೇಳಿದರೆ ಬೆಳಕಿಗೆ ಎನ್ನುತ್ತಾರೆ. ಮುಂದಿನ ವರ್ಷ ಅದೇ ಕಳ್ಳಿಯನ್ನು ಹುಡುಕಿಕೊಂಡು ಮತ್ತೆ ಬರುತ್ತಾರೆ. ಅದು ಅಲ್ಲೇ ಇರುತ್ತದೆ.

ಅದಕ್ಕೇ ಮಗು, ಗೋಡೆಯ ಕ್ಯಾಲೆಂಡರಿನಲ್ಲಿ ನೀನು ನೋಡುವ ಆ ದೊಡ್ಡ ಕಳ್ಳಿ, ಎತ್ತಿಕೋ ಎನ್ನುವ ಕೂಸಿನ ಹಾಗೆ ಎರಡೂ ಕೈ ಮೇಲೆತ್ತಿ ನಿಂತಿದೆ. ಅದರ ಎದುರಿಗೆ, ಚಿತ್ರದಲ್ಲಿ ಕಾಣದ ಜಾಗದಲ್ಲಿ, ಬಹಳ ದೂರದಿಂದ ನಡೆದು ಬಂದ ಯಾರೋ ಒಬ್ಬರು ಅದನ್ನೇ ನೋಡುತ್ತ ನಿಂತಿರುತ್ತಾರೆ.